ಎಂಟುನೂರು ಮೂಟೆಯ ಕೊಸರು

ತರಗುಪೇಟೆಯಲ್ಲಿ ಮೂಟೆ ಹೊರುವ ಗಂಡಸರಿಗೆ ಸಂಘವಿತ್ತು, ಸಂಘಕ್ಕೊಂದು ಬೋರ್ಡಿತ್ತು, ಬೋರ್ಡಿಗೆ ಪ್ರತಿ ನವೆಂಬರಿನಲ್ಲೂ ಹೊಸ ಬಣ್ಣ ಬೀಳುತ್ತಿತ್ತು. ಆ ಮೂಟೆಯೊಳಗಿನ ಅಕ್ಕಿಯನ್ನು ಕೇರಿ, ಕಲ್ಲು ಆರಿಸಿ, ತೂಗಿ, ತುಂಬಿ, ಬಾಯಿ ಹೊಲಿಯುವ ಹೆಂಗಸರಿಗೆ ಮಾತ್ರ ಏನೂ ಇರಲಿಲ್ಲ. ಶ್ರೀನಿವಾಸಯ್ಯನವರ ಅಕ್ಕಿ ಮಂಡಿಯ ಹಿಂದೆ ಒಂದು ತಗಡಿನ ಚಪ್ಪರ, ಅದರ ಕೆಳಗೆ ಆರು ಮೊರ, ಆರು ಹೆಂಗಸರು, ಅವರಿಗೆಲ್ಲ ಮುಂದಾಳಾಗಿ ಮುನಿಯಕ್ಕ. ಅಷ್ಟೇ ಅವರ ಸಂಘ.

ಮುನಿಯಕ್ಕ ಆನೇಕಲ್ ಕಡೆಯವಳು. ಗಂಡ ಕಾಮಾಲೆಯಿಂದ ತೀರಿಕೊಂಡ ವರ್ಷ, ಅಂದರೆ ೧೯೯೧ರಲ್ಲಿ, ಬಿನ್ನಿಪೇಟೆಯ ಒಂದೇ ಕೋಣೆಯ ಮನೆಯಿಂದ ನಡೆದುಕೊಂಡು ಬಂದು ಈ ಚಪ್ಪರದ ಕೆಳಗೆ ಕೂತವಳು ಹದಿನೇಳು ವರ್ಷ ಏಳಲಿಲ್ಲ. ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ಒಮ್ಮೆ ಉಜ್ಜಿದರೆ ಸಾಕು, ಹಳೆಯದೋ ಹೊಸದೋ, ಮಿಲ್ಲಿನವನು ನುಚ್ಚು ಎಷ್ಟು ಸೇರಿಸಿದ್ದಾನೆ, ಎಲ್ಲ ಹೇಳುತ್ತಿದ್ದಳು. ಶ್ರೀನಿವಾಸಯ್ಯನವರು ಮಾಲು ಕೊಳ್ಳುವ ಮುಂಚೆ ಒಂದು ಹಿಡಿ ಅವಳ ಮುಂದೆ ಚೆಲ್ಲಿ, ಅವಳ ಮುಖ ನೋಡಿ, ಆಮೇಲೆ ಬೆಲೆ ಮಾತಾಡುತ್ತಿದ್ದರು. ಈ ಜಾಣತನಕ್ಕೆ ಅವಳಿಗೆ ಸಿಗುತ್ತಿದ್ದದ್ದು ಉಳಿದ ಐವರಿಗಿಂತ ಮೂಟೆಗೆ ಹತ್ತು ಪೈಸೆ ಹೆಚ್ಚು. ಬಿನ್ನಿಪೇಟೆಯ ದೇವಸ್ಥಾನದ ಜಗಲಿಯಲ್ಲಿ ಸಂಜೆ ಅಕ್ಷರ ಕಲಿಸುತ್ತಿದ್ದ ಕಾಲದಲ್ಲಿ ಎರಡು ವರ್ಷ ಬಿಡದೆ ಹೋಗಿ ಓದುಬರಹವನ್ನೂ ಕಲಿತಳು. ಬರೆಯುವುದು ನಿಧಾನ, ಗುಂಡು ಗುಂಡು ಅಕ್ಷರ. ಸಂಬಳದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ಸಹಿ ಹಾಕಿದ ದಿನ ಚಪ್ಪರಕ್ಕೆಲ್ಲ ಕಡಲೆಪುರಿ ಹಂಚಿದ್ದಳು.

ಬಾಸ್ಮತಿಯಲ್ಲದ ಅಕ್ಕಿಯನ್ನೂ ಹೊರದೇಶಕ್ಕೆ ಕಳಿಸಬಹುದು ಎಂದು ಸರ್ಕಾರ ದಾರಿ ಬಿಟ್ಟದ್ದು ತೊಂಬತ್ತರ ದಶಕದ ನಡುವಿನಲ್ಲಿ. ಮಸ್ಕತ್ತಿನಲ್ಲಿ ಕೂತ ನಮ್ಮವರಿಗೆ ನಮ್ಮ ಸೋನಾ ಮಸೂರಿಯೇ ಬೇಕು. ಶ್ರೀನಿವಾಸಯ್ಯನವರು ಚಾಮರಾಜಪೇಟೆಯ ಮನೆಯಲ್ಲಿ ಸತ್ಯನಾರಾಯಣ ಪೂಜೆ ಮಾಡಿಸಿ ಮೊದಲ ಲೋಡು ಕಳಿಸಿದರು. ಒಂದು ತಿಂಗಳಿಗೆ ಮಸ್ಕತ್ತಿನಿಂದ ಫ್ಯಾಕ್ಸ್ ಬಂತು: ಮೂಟೆ ಮೂಟೆಗೂ ಕಾಲು ಕಿಲೋ ಕಮ್ಮಿ ಇದೆ, ನೀವು ಕಳ್ಳತೂಕದವರೋ ಏನು ಎಂದು.

ಕಳ್ಳತೂಕ ಅವರದ್ದಲ್ಲ, ದಾರಿಯದ್ದು. ಗಂಗಾವತಿಯ ಮಿಲ್ಲಿನಲ್ಲಿ ಲಾರಿಗೆ ಏರಿದ ಅಕ್ಕಿ ತರಗುಪೇಟೆಯಲ್ಲಿ ಇಳಿಯಬೇಕು. ಕೇರಿ ತುಂಬಿದ ಮೇಲೆ ಟೆಂಪೋಗೆ ಏರಬೇಕು, ಯಾಕೆಂದರೆ ಕಂಟೇನರ್ ಹೊತ್ತ ಟ್ರೇಲರ್ ತರಗುಪೇಟೆಯ ಬೀದಿಯೊಳಗೆ ಬರುವುದು ಕನಸಿನ ಮಾತು. ಮೈಸೂರು ರಸ್ತೆಯ ಗೋಡೌನಿನಲ್ಲಿ ಇಳಿಯಬೇಕು, ಮತ್ತೆ ಕಂಟೇನರ್‌ಗೆ ಏರಬೇಕು, ಚೆನ್ನೈ ಬಂದರಿನಲ್ಲಿ ಯಾರಾದರೂ ಬಾಗಿಲು ತೆಗೆಸಿದರೆ ಮತ್ತೆ ಇಳಿದು ಏರಬೇಕು. ಆಗ ಇದ್ದದ್ದು ಗೋಣಿಚೀಲ. ಇಳಿಸಿ ಏರಿಸುವ ಪ್ರತಿ ಕೈಯಲ್ಲೂ ಒಂದು ಕೊಕ್ಕೆ, ಕೊಕ್ಕೆ ಚುಚ್ಚಿದಲ್ಲೆಲ್ಲ ಒಂದು ತೂತು. ಗಂಗಾವತಿಯಿಂದ ಚೆನ್ನೈವರೆಗೆ ರಸ್ತೆಯುದ್ದಕ್ಕೂ ಗುಬ್ಬಚ್ಚಿಗಳಿಗೆ ಸಂತರ್ಪಣೆ.

ಶ್ರೀನಿವಾಸಯ್ಯನವರು ಫ್ಯಾಕ್ಸ್ ಹಾಳೆಯನ್ನು ಕೈಯಲ್ಲಿ ಹಿಡಿದೇ ಚಪ್ಪರಕ್ಕೆ ಬಂದರು. ಪಂಚೆ ಎತ್ತಿ ಕಟ್ಟಿ, ಅಕ್ಕಿಯ ರಾಶಿಯ ಮುಂದೆ ಕೂತು, ತೂಗಿ ಇಟ್ಟಿದ್ದ ಮೂಟೆಯೊಳಗೆ ಎರಡೂ ಕೈ ಸೇರಿಸಿ ಒಂದು ಬೊಗಸೆ ಅಕ್ಕಿ ಹಾಕಿದರು.

"ನೋಡ್ಕೊಂಡ್ಯಾ ಮುನಿಯಕ್ಕ? ತೂಕ ಆದ್ಮೇಲೆ ಇಷ್ಟು ಕೊಸರು ಬೀಳ್ಬೇಕು. ಎಲ್ಲಿ ಸೋರ್ಲಿ, ಯಾರ್ ಕದೀಲಿ, ನಮ್ ಮಾಲು ಕಮ್ಮಿ ಅಂತ ಅನ್ನಿಸ್ಕೋಬಾರ್ದು."

ತೂಗಿದ ಮೇಲೆ ಕೊಸರು ಹಾಕುವುದು ನಮ್ಮ ಪೇಟೆಗಳಿಗೆ ಹೊಸದಲ್ಲ. ಸೊಪ್ಪಿನವಳು ಎರಡು ಎಳೆ ಕೊತ್ತಂಬರಿ ಮೇಲೆ ಹಾಕುತ್ತಾಳೆ, ಹೂವಿನವಳು ಮೊಳ ಮುಗಿದ ಮೇಲೂ ನಾಲ್ಕು ಬೆರಳು ಬಿಟ್ಟು ಕತ್ತರಿಸುತ್ತಾಳೆ. ಹಾಕದವಳ ಹತ್ತಿರ ಎರಡನೇ ಸಲ ಯಾರೂ ಹೋಗುವುದಿಲ್ಲ. ಅಂದಿನಿಂದ ಆ ಮಂಡಿಯ ಪ್ರತಿ ಮೂಟೆಗೂ ಮುನಿಯಕ್ಕನ ಬೊಗಸೆ ಬಿತ್ತು. ಮಸ್ಕತ್ತಿನವರು ಮತ್ತೆ ಸೊಲ್ಲೆತ್ತಲಿಲ್ಲ. ಬೇರೆಯವರ ಅಕ್ಕಿಗಿಂತ ಶ್ರೀನಿವಾಸಯ್ಯನವರ ಅಕ್ಕಿ ಬೇಗ ಖರ್ಚಾಗುತ್ತಿತ್ತು. ಮಂಡಿಯ ಮೇಲೆ ಇನ್ನೊಂದು ಮಹಡಿ ಎದ್ದಿತು. ಚಪ್ಪರದ ತಗಡು ಮಾತ್ರ ಅದೇ ಹಳೆಯ ತಗಡು.

ಗೋಣಿಚೀಲ ಹೋಗಿ ಅಚ್ಚು ಹಾಕಿದ ಪ್ಲಾಸ್ಟಿಕ್ ಚೀಲ ಬಂದಾಗ ಮುನಿಯಕ್ಕನೇ ಹೋಗಿ ಕೇಳಿದಳು. ಈಗ ಕೊಕ್ಕೆ ಇಲ್ಲ, ಚೀಲ ಸೋರುವುದಿಲ್ಲ, ಕೊಸರು ನಿಲ್ಲಿಸೋಣವೇ ಎಂದು. ಶ್ರೀನಿವಾಸಯ್ಯನವರು ಮಧ್ಯಾಹ್ನದ ತಾಂಬೂಲ ಹಾಕುತ್ತಿದ್ದರು. "ಹಾಕ್ತಾ ಬಂದಿದ್ದನ್ನ ನಿಲ್ಸೋದು ಬೇಡ. ಕೈ ಬಿಗಿ ಮಾಡಿದ್ರೆ ಲಕ್ಷ್ಮಿ ನಿಲ್ಲಲ್ಲ. ಹಾಕು," ಅಂದರು. ಪಕ್ಕದ ಮೇಜಿನಲ್ಲಿ ಗುಮಾಸ್ತ ವೆಂಕಟಾಚಲಯ್ಯನವರು ಲಾರಿಯ ಕಾಗದ ಬರೆಯುತ್ತಿದ್ದರು. ಅವರೂ ಈ ಮಾತು ಕೇಳಿಸಿಕೊಂಡರು.

ವೆಂಕಟಾಚಲಯ್ಯನವರು ತ್ಯಾಗರಾಜನಗರದವರು, ದೈವಭೀರು, ಯಾರಿಗೂ ಎದುರಾಡದ ಮನುಷ್ಯ. ಮಂಡಿಯಲ್ಲಿ ಮುನಿಯಕ್ಕನಿಗಿಂತ ಹಳಬರು. ಚಪ್ಪರದ ಹೆಂಗಸರ ಪಡಿತರ ಚೀಟಿಯ ಅರ್ಜಿ, ಆಸ್ಪತ್ರೆಯ ಚೀಟಿ ಎಲ್ಲವನ್ನೂ ಬರೆದುಕೊಡುತ್ತಿದ್ದವರು ಅವರೇ. ಒಳ್ಳೆಯವರು ಎಂದೇ ಎಲ್ಲರೂ ಹೇಳುತ್ತಿದ್ದರು, ಮುನಿಯಕ್ಕನೂ ಹೇಳುತ್ತಿದ್ದಳು.

೨೦೦೫ರಲ್ಲಿ ಶ್ರೀನಿವಾಸಯ್ಯನವರ ಮಗ ಅಭಿರಾಮ ವ್ಯವಹಾರಕ್ಕೆ ಕೂತ. ಪುಣೆಯಲ್ಲಿ ಓದಿ ಬಂದವನು. ಗಾಜಿನ ಕೋಣೆ ಕಟ್ಟಿಸಿ, ಕಂಪ್ಯೂಟರ್ ತರಿಸಿ, ಒಂದು ದಿನ ಹಮಾಲಿಗಳಿಂದ ಹಿಡಿದು ಚಪ್ಪರದ ಹೆಂಗಸರವರೆಗೆ ಎಲ್ಲರನ್ನೂ ನಿಲ್ಲಿಸಿ ಪಾಠ ಮಾಡಿದ. ಒಂದು ಕಿಲೋ ಅಕ್ಕಿ ಮಸ್ಕತ್ತು ಸೇರುವಷ್ಟರಲ್ಲಿ ಅದರ ಬೆಲೆಯಲ್ಲಿ ಮೂರರಲ್ಲೊಂದು ಪಾಲನ್ನು ದಾರಿಯೇ ತಿನ್ನುತ್ತದೆ, ಇದಕ್ಕೆ ಲಾಜಿಸ್ಟಿಕ್ಸ್ ಕಾಸ್ಟ್ ಎನ್ನುತ್ತಾರೆ, ಇದನ್ನು ಇಳಿಸದಿದ್ದರೆ ನಾವು ಉಳಿಯುವುದಿಲ್ಲ ಎಂದ. ಮುನಿಯಕ್ಕನಿಗೆ ಎಲ್ಲವೂ ಅರ್ಥವಾಯಿತು. ಲಾರಿ ಬಾಡಿಗೆ, ಡೀಸೆಲ್, ಚೆಕ್‌ಪೋಸ್ಟಿನ ಮಾಮೂಲು, ಗೋಡೌನು, ಏಜೆಂಟು, ಬಂದರು, ಹಡಗು. ಸರಿಯಾದ ಮಾತೇ. ಇವುಗಳಲ್ಲಿ ಯಾವುದನ್ನು ಇಳಿಸುತ್ತಾನೋ ನೋಡೋಣ ಎಂದು ಕಾದಳು.

ಹಡಗಿನ ಕಂಪನಿಗೆ ಅಭಿರಾಮ ಫೋನ್ ಮಾಡಿದ. ಅವರು ಮಾತು ಮುಗಿಯುವ ಮುಂಚೆ ಫೋನಿಟ್ಟರು. ಲಾರಿಯವರು ಡೀಸೆಲ್ ರೇಟು ತೋರಿಸಿದರು. ಮಾಮೂಲು ಇಸಿದುಕೊಳ್ಳುವವರ ಹತ್ತಿರ ಮಾತೇ ಇಲ್ಲ. ಕೊನೆಗೆ ಇಳಿದದ್ದು ಚಪ್ಪರದ ಖರ್ಚು. ಆರು ಜನ ನಾಲ್ವರಾದರು. ಹನ್ನೊಂದು ಗಂಟೆಯ ಟೀ ನಿಂತಿತು. ಮೂಟೆಯ ಕೂಲಿ ಮೂರು ವರ್ಷ ಇದ್ದಲ್ಲೇ ಇತ್ತು. ಸಮುದ್ರದ ಆಚೆಗಿನ ವ್ಯಾಪಾರ ಉಳಿಸಲು ನಾಲ್ಕು ಹೆಂಗಸರ ಟೀ ಕಿತ್ತುಕೊಳ್ಳಬೇಕಾಯಿತು ಅಂದರೆ ಆ ಓದು ಎಂಥ ಓದೋ. ತಿಂಗಳಿಗೊಮ್ಮೆ ಅವನು ಚಪ್ಪರದತ್ತ ಬಂದರೆ "ಏಯ್, ಬೇಗ ಬೇಗ" ಅನ್ನುವುದು ಬಿಟ್ಟು ಬೇರೆ ಮಾತಿರಲಿಲ್ಲ. ಮೂಟೆಯೊಳಗೆ ಏನು ಬೀಳುತ್ತಿದೆ ಎಂದು ಒಂದು ದಿನವೂ ಬಗ್ಗಿ ನೋಡಲಿಲ್ಲ.

೨೦೦೮ರ ಹೊತ್ತಿಗೆ ದೇಶದಲ್ಲಿ ಅಕ್ಕಿಯ ಬೆಲೆ ಏರತೊಡಗಿತು. ಇಲ್ಲಿನ ಅಕ್ಕಿ ಅಗ್ಗದಲ್ಲಿ ಹೊರಗೆ ಹೋಗಬಾರದೆಂದು ಸರ್ಕಾರ ಒಂದು ಕಟ್ಟಳೆ ಮಾಡಿತು: ಟನ್ನಿಗೆ ಇಂತಿಷ್ಟು ಡಾಲರಿಗಿಂತ ಕಡಿಮೆಗೆ ಯಾರೂ ಮಾರಕೂಡದು. ಅಭಿರಾಮ ಜಾಣ. ಗಿರಾಕಿ ಕೈತಪ್ಪಬಾರದೆಂದು ಸರಿಯಾಗಿ ಆ ಬೆಲೆಗೇ, ಒಂದು ಡಾಲರ್ ಹೆಚ್ಚಿಲ್ಲದಂತೆ ಮಸ್ಕತ್ತಿಗೆ ಬಿಲ್ ಮಾಡಿದ. ಇಪ್ಪತ್ತೈದು ಕಿಲೋದ ಎಂಟುನೂರು ಮೂಟೆ, ಒಟ್ಟು ಇಪ್ಪತ್ತು ಟನ್ನು, ಒಂದು ಕಂಟೇನರ್. ಮುನಿಯಕ್ಕ ಮತ್ತು ಉಳಿದ ಮೂವರು ಐದು ದಿನದಲ್ಲಿ ತುಂಬಿ ಹೊಲಿದರು. ಎಂಟುನೂರಕ್ಕೂ ಒಂದೊಂದು ಬೊಗಸೆ ಬಿತ್ತು.

ಚೆನ್ನೈ ಬಂದರಿನಲ್ಲಿ ಆ ದಿನಗಳಲ್ಲಿ ಅಕ್ಕಿಯನ್ನು ಕಂಡರೆ ತೂಗುತ್ತಿದ್ದರು. ಈ ಕಂಟೇನರಿನ ಬಾಗಿಲನ್ನೂ ತೆಗೆಸಿದರು. ಮೂಟೆ ಮೂಟೆಗೂ ಕಾಲು ಕಿಲೋ ಹೆಚ್ಚು, ಒಟ್ಟಿನಲ್ಲಿ ಇನ್ನೂರು ಕಿಲೋ. ಕಸ್ಟಮ್ಸ್ ಅಧಿಕಾರಿ ಲೆಕ್ಕ ಹಾಕಿದ. ಇಪ್ಪತ್ತು ಟನ್ನಿನ ದುಡ್ಡಿಗೆ ಇಪ್ಪತ್ತು ಟನ್ನು ಇನ್ನೂರು ಕಿಲೋ ಹೋಗುತ್ತಿದೆ ಅಂದರೆ ಟನ್ನಿನ ಬೆಲೆ ಸರ್ಕಾರ ಹೇಳಿದ್ದಕ್ಕಿಂತ ಕೆಳಗಿಳಿಯಿತು. ಕಾಗದದಲ್ಲಿ ಒಂದು, ಡಬ್ಬಿಯಲ್ಲಿ ಇನ್ನೊಂದು. ಇದು ಕಟ್ಟಳೆ ತಪ್ಪಿಸುವ ಕಳ್ಳದಾರಿ ಎಂದು ಬರೆದು ಕಂಟೇನರ್ ಹಿಡಿದಿಟ್ಟ.

ಜಗತ್ತಿನಲ್ಲಿ ಕಡಿಮೆ ತೂಗಿ ಸಿಕ್ಕಿಬಿದ್ದವರ ಕಥೆ ಬೇಕಾದಷ್ಟಿದೆ. ಹೆಚ್ಚು ಕೊಟ್ಟು ಕಳ್ಳರಾದವರು ಬಹುಶಃ ತರಗುಪೇಟೆಯವರೇ ಇರಬೇಕು. ವೆಂಕಟಾಚಲಯ್ಯನವರು ಚಪ್ಪರಕ್ಕೆ ಬಂದು ಇದನ್ನೆಲ್ಲ ಬಿಡಿಸಿ ಹೇಳಿದಾಗ ನಾಲ್ವರಲ್ಲಿ ಹಿರಿಯಳಾದ ಗಂಗರತ್ನಮ್ಮ ಮೊದಲು ನಕ್ಕೇಬಿಟ್ಟಳು. ಮುನಿಯಕ್ಕ ನಗಲಿಲ್ಲ. ದೊಡ್ಡ ಯಜಮಾನರು ಹೋಗಿ, ಇದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ, ನಾನೇ ಹಾಕಿಸಿದ್ದು ಎಂದು ಹೇಳಿದರೆ ಮುಗಿಯಿತಲ್ಲ ಎಂದು ಕೇಳಿದಳು. ವೆಂಕಟಾಚಲಯ್ಯನವರು ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು, ಅದು ಅಷ್ಟು ಸುಲಭವಲ್ಲ, ಹಾಗೆ ಹೇಳಿದರೆ ಮಂಡಿಯ ಲೈಸೆನ್ಸಿಗೇ ಸಂಚಕಾರ ಎಂದರು.

ಕಂಟೇನರ್ ಬಂದರಿನಲ್ಲಿ ಕೂತಷ್ಟು ದಿನವೂ ನೆಲದ ಬಾಡಿಗೆ, ಡಬ್ಬಿಯ ಬಾಡಿಗೆ ಎರಡೂ ಏರುತ್ತವೆ. ಹದಿನೇಳು ದಿನ ಆಯಿತು. ಅಭಿರಾಮ ಗಾಜಿನ ಕೋಣೆಯಲ್ಲಿ ಎಲ್ಲರ ಮೇಲೂ ಹರಿಹಾಯುತ್ತಿದ್ದ. ಹದಿನೆಂಟನೇ ದಿನ ಬೆಳಿಗ್ಗೆ ಮುನಿಯಕ್ಕನಿಗೆ ಕರೆ ಬಂತು.

ಕೋಣೆಯೊಳಗೆ ನಾಲ್ವರಿದ್ದರು. ಮೇಜಿನ ಹಿಂದೆ ಅಭಿರಾಮ. ಮೂಲೆಯ ಸೋಫಾದಲ್ಲಿ ಶ್ರೀನಿವಾಸಯ್ಯನವರು. ಚೆನ್ನೈಯಿಂದ ಬಂದಿದ್ದ ಕ್ಲಿಯರಿಂಗ್ ಏಜೆಂಟು, ಅಂದರೆ ಬಂದರಿನಲ್ಲಿ ಇವರ ಪರವಾಗಿ ಕಾಗದಪತ್ರ ಓಡಾಡಿಸುವವನು. ಮಧ್ಯಾಹ್ನದ ರೈಲಿಗೆ ವಾಪಸು ಹೋಗುವ ಅವಸರದಲ್ಲಿದ್ದ. ಬಾಗಿಲ ಪಕ್ಕ ಕಾಗದ ಹಿಡಿದು ನಿಂತ ವೆಂಕಟಾಚಲಯ್ಯನವರು.

"ಬನ್ನಿ ಮುನಿಯಕ್ಕ. ಕೂತ್ಕೊಳ್ಳಿ," ಅಂದ ಅಭಿರಾಮ.

ಬನ್ನಿ, ಕೂತ್ಕೊಳ್ಳಿ. ಮೂರು ವರ್ಷದಲ್ಲಿ ಅವನ ಬಾಯಿಂದ ಬಹುವಚನ ಬಂದದ್ದು ಅದೇ ಮೊದಲು. ಮರ್ಯಾದೆ ಹೀಗೆ ಏಕಾಏಕಿ ಬಂದರೆ ಅದರ ಹಿಂದೆ ಏನೋ ಇದೆ ಎಂದು ಗೊತ್ತಾಗದಷ್ಟು ದಡ್ಡಿಯಲ್ಲ ಅವಳು. ಕುರ್ಚಿಯ ತುದಿಯಲ್ಲಿ ಕೂತಳು.

ವಿಷಯ ಇಷ್ಟು. ಮೂಟೆ ತುಂಬಿದವರ ಹೇಳಿಕೆ ಬೇಕೆಂದು ಅಧಿಕಾರಿ ಕೇಳಿದ್ದಾನೆ. ಛಾಪಾ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಟೈಪು ಮಾಡಿಸಿಯಾಗಿದೆ. ಮುನಿಯಕ್ಕ ಕೆಳಗೊಂದು ಸಹಿ ಹಾಕಿದರೆ ಏಜೆಂಟು ಇವತ್ತೇ ತೆಗೆದುಕೊಂಡು ಹೋಗುತ್ತಾನೆ. ಏನೂ ಭಯವಿಲ್ಲ, ಬರೀ ಒಂದು ಫಾರ್ಮಾಲಿಟಿ ಎಂದ ಅಭಿರಾಮ.

ಏನು ಬರೆದಿದೆ, ಕನ್ನಡದಲ್ಲಿ ಓದಿ ಹೇಳಿ ಎಂದಳು ಮುನಿಯಕ್ಕ. ವೆಂಕಟಾಚಲಯ್ಯನವರು ಕನ್ನಡಕ ಸರಿಮಾಡಿಕೊಂಡು ಓದಿದರು. ಮುನಿಯಕ್ಕ ಎಂಬ ನಾನು ಇಂಥ ಮಂಡಿಯಲ್ಲಿ ಅಕ್ಕಿ ತುಂಬುವ ಕೆಲಸದವಳು. ಇಂಥ ತಾರೀಖಿನಲ್ಲಿ ಎಂಟುನೂರು ಮೂಟೆ ತುಂಬಿದೆ. ಮೂಟೆಗೆ ಒಂದು ಬೊಗಸೆ ಅಕ್ಕಿ ಹೆಚ್ಚಿಗೆ ಹಾಕಿದೆ. ಇದು ನಿಜ.

ಓದಿ ನಿಲ್ಲಿಸಿದರು. ಮುನಿಯಕ್ಕ ಅವರ ಕೈಯಲ್ಲಿದ್ದ ಹಾಳೆಯನ್ನೇ ನೋಡುತ್ತಿದ್ದಳು. ಹಾಳೆ ಮುಕ್ಕಾಲು ಭಾಗ ತುಂಬಿತ್ತು. ವರ್ಷಗಟ್ಟಲೆ ತೂಕ ಅಳತೆ ಮಾಡಿದವಳು, ಅವಳ ಕಣ್ಣಳತೆಗೆ ಮೋಸ ಮಾಡುವುದು ಕಷ್ಟ.

"ಬರ್ದಿರೋದು ಇಷ್ಟುದ್ದ ಐತೆ. ಓದಿದ್ದು ಇಷ್ಟೇ. ಮಿಕ್ಕಿದ್ದು ಏನ್ ಸ್ವಾಮಿ?"

ವೆಂಕಟಾಚಲಯ್ಯನವರು ಅಭಿರಾಮನ ಮುಖ ನೋಡಿದರು. ಅವನು ಕಿಟಕಿಯತ್ತ ತಿರುಗಿದ. ಬೇರೆ ದಾರಿಯಿಲ್ಲದೆ ಉಳಿದದ್ದನ್ನೂ ಓದಿದರು, ಧ್ವನಿ ತಗ್ಗಿಸಿ. ಹೆಚ್ಚಿಗೆ ಅಕ್ಕಿ ಹಾಕಿದ್ದು ನನ್ನ ಸ್ವಂತ ಇಷ್ಟದಿಂದ. ಹಾಕುವಂತೆ ಮಾಲೀಕರು ಎಂದೂ ಹೇಳಿರಲಿಲ್ಲ. ಈ ವಿಷಯ ಅವರಿಗೆ ತಿಳಿದೂ ಇರಲಿಲ್ಲ. ಆದ ನಷ್ಟಕ್ಕೆ ನನ್ನ ಬೇಜವಾಬ್ದಾರಿಯೇ ಕಾರಣ.

ಮುನಿಯಕ್ಕ ಹದಿನೇಳು ವರ್ಷದಲ್ಲಿ ಒಂದು ಹಿಡಿ ಅಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದವಳಲ್ಲ. ಸಂಜೆ ಚಪ್ಪರ ಗುಡಿಸಿ, ಮಣ್ಣಿನ ಜೊತೆ ಸಿಕ್ಕ ಅಕ್ಕಿಯನ್ನೂ ಕೇರಿ ರಾಶಿಗೇ ಸೇರಿಸುತ್ತಿದ್ದವಳು. ಈಗ ಯಜಮಾನರ ಮಾಲನ್ನು ತನ್ನಿಷ್ಟಕ್ಕೆ ಬಾಚಿ ಬಾಚಿ ಪರದೇಶಕ್ಕೆ ಕಳಿಸಿದವಳು ಎಂದು ತನ್ನ ಕೈಯಲ್ಲೇ ಬರೆದುಕೊಡಬೇಕಂತೆ. ಅವಳು ಅಭಿರಾಮನನ್ನು ಬಿಟ್ಟು ಸೋಫಾದ ಕಡೆ ತಿರುಗಿದಳು.

"ದೊಡ್ ಯಜಮಾನ್ರೇ, ಹಾಕು ಅಂದಿದ್ದು ನೀವು. ಪಂಚೆ ಕಟ್ಕೊಂಡು ಬಂದು ಹಾಕಿ ತೋರ್ಸಿದ್ದೂ ನೀವೇ. ನಿಲ್ಸ್ಲಾ ಅಂತ ಕೇಳ್ದಾಗ ಬೇಡ ಅಂದಿದ್ದೂ ನೀವೇ. ಒಂದ್ ಮಾತು ಹೇಳಿ."

ಶ್ರೀನಿವಾಸಯ್ಯನವರು ಹಣೆಯ ಮೇಲೆ ಗಂಧದ ಬೊಟ್ಟಿಟ್ಟುಕೊಂಡು ಬಂದಿದ್ದರು. ಪ್ರತಿ ಶನಿವಾರ ಮಂಡಿಯ ಮುಂದೆ ಬಂದವರಿಗೆ ತಮ್ಮ ಕೈಯಾರೆ ಅಕ್ಕಿ ದಾನ ಮಾಡುವವರು, ಪೇಟೆಯಲ್ಲಿ ಧರ್ಮಿಷ್ಠರೆಂದು ಹೆಸರಾದವರು. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು, ತಮ್ಮ ಕೈಬೆರಳಿನ ಉಂಗುರ ನೋಡಿದರು. ಮುನಿಯಕ್ಕನನ್ನು ನೋಡಲಿಲ್ಲ. ಅದಕ್ಕಿಂತ ಕೈಯೆತ್ತಿ ಹೊಡೆದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಅಭಿರಾಮ ಬಹುವಚನ ಬಿಟ್ಟ. "ನೋಡು, ನೀನು ಸೈನ್ ಮಾಡ್ಲಿಲ್ಲ ಅಂದ್ರೆ ಪ್ಯಾಕಿಂಗ್ ಪೂರ್ತಿ ಹೊರಗೆ ಕೊಡ್ತೀನಿ. ಮಿಷಿನ್ ಇರೋರು ಕಾಯ್ತಿದಾರೆ. ನಿನ್ನ ಜೊತೆ ಇನ್ನು ಮೂರು ಜನ ಇದಾರಲ್ಲ, ಅವ್ರಿಗೆ ನೀನೇ ಹೋಗಿ ಹೇಳು."

ಗಂಗರತ್ನಮ್ಮನಿಗೆ ಅರವತ್ತು ದಾಟಿತ್ತು. ಮೊರ ಬಿಟ್ಟರೆ ಬೇರೆ ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ಇನ್ನಿಬ್ಬರಿಗೆ ಶಾಲೆಗೆ ಹೋಗುವ ಮಕ್ಕಳು. ಇದೆಲ್ಲ ಅಭಿರಾಮನಿಗೆ ಗೊತ್ತಿತ್ತು, ಗೊತ್ತಿದ್ದೇ ಹೇಳಿದ್ದು. ಮುನಿಯಕ್ಕ ಪೆನ್ನು ಕೊಡಿ ಎಂದಳು.

ಅಷ್ಟರಲ್ಲಿ ಅಭಿರಾಮನ ಮೊಬೈಲು ಹೊಡೆದುಕೊಂಡಿತು, ಹಡಗಿನ ಕಂಪನಿಯದು. ಅವನು ಬೆನ್ನು ತಿರುಗಿಸಿ ಇಂಗ್ಲಿಷಿನಲ್ಲಿ ಗೋಗರೆಯತೊಡಗಿದ. ಏಜೆಂಟು ಗಡಿಯಾರ ನೋಡುತ್ತಿದ್ದ. ಮುನಿಯಕ್ಕ ಹಾಳೆಯನ್ನು ಹತ್ತಿರ ಎಳೆದುಕೊಂಡು, ಟೈಪು ಮುಗಿದ ಕೆಳಗೆ, ತನ್ನ ಗುಂಡು ಅಕ್ಷರದಲ್ಲಿ, ನಾಲಿಗೆಯ ತುದಿ ಕಚ್ಚಿಕೊಂಡು ಬರೆದಳು: ದೊಡ್ಡ ಯಜಮಾನರು ಹಾಕು ಅಂದರು ಹಾಕಿದೆ. ಅದರ ಪಕ್ಕದಲ್ಲಿ ಮುನಿಯಕ್ಕ ಎಂದು ಸಹಿ.

ಬರೆಯಲು ಬಹಳ ಹೊತ್ತು ಹಿಡಿಯಿತು. ಏಜೆಂಟಿಗೆ ಕನ್ನಡ ಓದಲು ಬಾರದು. ಊರು, ಕೇರಿ, ಅಪ್ಪನ ಹೆಸರು ಎಲ್ಲ ಸೇರಿಸಿ ಬರೀತಿದಾಳೆ ಎಂದು ತಮಾಷೆ ಮಾಡಿ ನಕ್ಕ. ಅಭಿರಾಮ ಫೋನು ಕಿವಿಯಲ್ಲಿಟ್ಟುಕೊಂಡೇ ತಿರುಗಿ, ಹಾಳೆಯ ಕೆಳಗೆ ಶಾಯಿ ಬಿದ್ದಿದೆಯೋ ಇಲ್ಲವೋ ಎಂದಷ್ಟೇ ನೋಡಿ, ಕೈಯಲ್ಲೇ ಸನ್ನೆ ಮಾಡಿದ. ವೆಂಕಟಾಚಲಯ್ಯನವರು ಹಾಳೆ ಎತ್ತಿಕೊಂಡರು.

ಅವರು ಓದಿದರು. ಮುನಿಯಕ್ಕ ನೋಡುತ್ತಲೇ ಇದ್ದಳು. ಅವರ ಕಣ್ಣು ಆ ಸಾಲಿನ ಮೇಲೆ ಹೋಗಿ ನಿಂತಿತು, ಇನ್ನೊಮ್ಮೆ ಹಿಂದಕ್ಕೆ ಬಂದು ಮೊದಲಿಂದ ಓದಿತು. ಈಗ ಹೇಳುತ್ತಾರೆ ಎಂದುಕೊಂಡಳು. ಈಗ ತಲೆಯೆತ್ತಿ, ಈ ಹೆಂಗಸು ಬರೆದದ್ದು ಸರಿ, ನಾನೂ ಅಲ್ಲೇ ಕೂತು ಕೇಳಿಸಿಕೊಂಡಿದ್ದೆ ಅನ್ನುತ್ತಾರೆ. ಇಪ್ಪತ್ತು ವರ್ಷ ಎಲ್ಲರಿಗೂ ಅರ್ಜಿ ಬರೆದುಕೊಟ್ಟ ಮನುಷ್ಯ, ಇವಳ ಒಂದು ಸಾಲನ್ನು ಓದಿ ಹೇಳಲಾರರೇ? ವೆಂಕಟಾಚಲಯ್ಯನವರು ಹಾಳೆಯನ್ನು ಮೂರು ಮಡಿಕೆ ಮಾಡಿ, ಲಕೋಟೆಗೆ ಹಾಕಿ, ಗೋಂದು ಹಚ್ಚಿ, ಏಜೆಂಟಿನ ಕೈಗೆ ಕೊಟ್ಟರು.

ಹೋಗಲಿ, ಚೆನ್ನೈಯಲ್ಲಿ ಓದುತ್ತಾರೆ ಎಂದು ಮುನಿಯಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸರ್ಕಾರದವರು, ಅಷ್ಟು ದೊಡ್ಡ ಆಫೀಸು. ತಾನು ಬರೆದದ್ದನ್ನು ನೋಡಿದ ಮೇಲೆ ಕರೆಸಿ ಕೇಳದೆ ಇರುತ್ತಾರೆಯೇ.

ಮಾರನೆಯ ದಿನ ಕೆಲಸಕ್ಕೆ ಬಂದವಳನ್ನು ಗೇಟಿನಲ್ಲೇ ನಿಲ್ಲಿಸಿದರು. ಬೇಜವಾಬ್ದಾರಿ ಮಾಡಿದೆ ಎಂದು ಬರೆದುಕೊಟ್ಟವಳನ್ನು ಕೆಲಸದಲ್ಲಿ ಇಟ್ಟುಕೊಂಡರೆ ಕಸ್ಟಮ್ಸಿನವರು ಏನೆಂದುಕೊಳ್ಳುತ್ತಾರೆ, ಸ್ವಲ್ಪ ದಿನ ಬರಬೇಡ ಎಂದು ಚಿಕ್ಕ ಯಜಮಾನರು ಹೇಳಿದ್ದಾರೆ ಎಂದರು. ಸ್ವಲ್ಪ ದಿನ ಅಂದದ್ದು ಪೂರ್ತಿ ಆಯಿತು. ಗಂಗರತ್ನಮ್ಮ ಮತ್ತು ಇನ್ನಿಬ್ಬರು ಉಳಿದರು, ಆದರೆ ಮುನಿಯಕ್ಕನ ಜೊತೆ ಮಾತಾಡಿದ್ದು ಕಂಡರೆ ತಮ್ಮ ಕೆಲಸವೂ ಹೋದೀತೆಂದು ಬೀದಿಯಲ್ಲಿ ಅವಳನ್ನು ಕಂಡರೆ ತಲೆ ತಗ್ಗಿಸಿ ನಡೆದರು. ಅವಳು ಅವರ ಮೇಲೆ ಸಿಟ್ಟು ಮಾಡಲಿಲ್ಲ. ಸಿಟ್ಟು ಬೇರೆ ಕಡೆಗಿತ್ತು.

ತರಗುಪೇಟೆಯಲ್ಲಿ ಇನ್ನೂ ಎಷ್ಟೋ ಮಂಡಿಗಳಿದ್ದವು. ಮುನಿಯಕ್ಕ ಒಂದೊಂದೇ ಮೆಟ್ಟಿಲು ಹತ್ತಿ ಇಳಿದಳು. ಅವಳ ಕೈಗುಣ ಗೊತ್ತಿದ್ದವರೇ ಎಲ್ಲ, ಹಿಂದೆ ಕೂಲಿ ಹೆಚ್ಚು ಕೊಡುತ್ತೇನೆ ಬಾ ಎಂದು ಕರೆದವರೂ ಇದ್ದರು. ಈಗ ಎಲ್ಲರ ಬಾಯಲ್ಲೂ ಒಂದೇ ಮಾತು. ಯಜಮಾನರಿಗೆ ಹೇಳದೆ ಮಾಲು ಬಾಚಿ ಹಾಕಿ ಕಂಟೇನರನ್ನೇ ಮುಳುಗಿಸಿದವಳಲ್ಲವೇ ಇವಳು? ಬರೆದೂ ಕೊಟ್ಟಿದ್ದಾಳಂತೆ. ಇನ್ನೂರು ಕಿಲೋ ಅಕ್ಕಿಯಲ್ಲಿ ಅವಳಿಗೂ ಒಂದು ಪಾಲು ಇತ್ತೆಂದು ಒಬ್ಬ ಸೇರಿಸಿದ. ಪರದೇಶಕ್ಕೆ ಹೋಗುವ ಅಕ್ಕಿಯಲ್ಲಿ ಬಿನ್ನಿಪೇಟೆಯವಳಿಗೆ ಎಂಥ ಪಾಲು ಎಂದು ಯಾರೂ ಕೇಳಲಿಲ್ಲ. ಕೊನೆಗೆ ಅವಳು ಚಾಮರಾಜಪೇಟೆಯ ಒಂದು ಕಲ್ಯಾಣಮಂಟಪದಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದಳು. ಮುಹೂರ್ತವಿದ್ದ ದಿನ ಕೂಲಿ, ಇಲ್ಲದ ದಿನ ಇಲ್ಲ.

ಯುಗಾದಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ ವೆಂಕಟಾಚಲಯ್ಯನವರು ಬಿನ್ನಿಪೇಟೆಗೆ ಮನೆ ಹುಡುಕಿಕೊಂಡು ಬಂದರು. ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು. ಮುನಿಯಕ್ಕ ಚಾಪೆ ಹಾಸಿ, ಕಾಫಿ ಕಾಯಿಸಿ ಕೊಟ್ಟು, ಗೋಡೆಗೊರಗಿ ಕೂತಳು.

ಅವರು ಸುದ್ದಿ ಹೇಳಿದರು. ಕೆಲಸದವಳ ತಪ್ಪೆಂದು ಒಪ್ಪಿಕೊಂಡು ಅಧಿಕಾರಿ ಮಂಡಿಗೆ ಸಣ್ಣದೊಂದು ದಂಡ ಹಾಕಿ ಬಿಟ್ಟ. ಲೈಸೆನ್ಸ್ ಉಳಿಯಿತು. ಅಷ್ಟು ಹೊತ್ತಿಗೆ ಸರ್ಕಾರ ಬಾಸ್ಮತಿಯಲ್ಲದ ಅಕ್ಕಿಯ ರಫ್ತನ್ನೇ ನಿಲ್ಲಿಸಿಬಿಟ್ಟಿದ್ದರಿಂದ ಕಂಟೇನರ್ ಹಡಗು ಹತ್ತಲಿಲ್ಲ, ಮೂಟೆಗಳು ತರಗುಪೇಟೆಗೇ ವಾಪಸು ಬಂದವು. ಇಲ್ಲಿ ಬೆಲೆ ಏರಿದ್ದರಿಂದ ಬಾಡಿಗೆ, ದಂಡ ಎಲ್ಲ ಕಳೆದೂ ಅಭಿರಾಮನಿಗೆ ಲಾಭವೇ ಆಯಿತು. ದೊಡ್ಡವರು ದೇವರಿಗೆ ಬೆಳ್ಳಿ ಕವಚ ಮಾಡಿಸಿದರು.

ಮುನಿಯಕ್ಕ ಕೇಳುತ್ತ ಕೂತಿದ್ದಳು. ನಾನು ಬರೆದ ಸಾಲು ಏನಾಯಿತು ಎಂದಷ್ಟೇ ಕೇಳಿದಳು.

ವೆಂಕಟಾಚಲಯ್ಯನವರು ಅದಕ್ಕೇ ಕಾದಿದ್ದವರಂತೆ ಮುಂದೆ ಬಾಗಿದರು. ಮುಖದಲ್ಲಿ ಒಂಥರಾ ಬೆಳಕಿತ್ತು. "ಹಾಗೇ ಫೈಲ್‌ನಲ್ಲಿದೆ ಮುನಿಯಕ್ಕ. ಅಲ್ಲಿ ಯಾರಿಗೂ ಕನ್ನಡ ಓದೋಕೆ ಬರಲ್ಲ, ಬರೀ ಸಹಿ ಅಂದ್ಕೊಂಡಿದಾರೆ. ನಾನು ಮಾತ್ರ ಅವತ್ತೇ ನೋಡ್ದೆ. ನೋಡಿ ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಆ ಹಾಳೆ ಹರ್ದು ಹಾಕ್ಬಿಡ್ತಿದ್ರು, ನಿನ್ನ ಕೈಲಿ ಇನ್ನೊಂದು ಬರೆಸ್ತಿದ್ರು. ನಿನ್ನ ಸತ್ಯ ಉಳೀತು."

ಹೇಳಿ ಮುಗಿಸಿ ಕಾಫಿ ಎತ್ತಿಕೊಂಡರು. ಎರಡು ತಿಂಗಳಿಂದ ಎದೆಯಲ್ಲಿಟ್ಟುಕೊಂಡಿದ್ದ ಒಳ್ಳೆಯ ಕೆಲಸವನ್ನು ಕೊನೆಗೂ ತಂದು ಒಪ್ಪಿಸಿದ ಸಮಾಧಾನ ಅವರಿಗೆ. ಒಂದು ಒಳ್ಳೆಯ ಮಾತನ್ನೂ ನಿರೀಕ್ಷಿಸಿದ್ದರೇನೋ.

ಮುನಿಯಕ್ಕನ ಧ್ವನಿ ಏರಲಿಲ್ಲ.

"ಅಲ್ಲಿ ಓದೋಕೆ ಬರೋರು ಇರ್ಲಿಲ್ಲ, ಸರಿ. ಅವ್ರನ್ನ ಏನ್ ಅನ್ಲಿ. ಇಲ್ಲಿ ನೀವಿದ್ರಲ್ಲ ಸ್ವಾಮಿ. ನಾನು ಬರೆದಿದ್ದನ್ನ ಓದಿದೋರು ಈ ಪ್ರಪಂಚದಲ್ಲಿ ನೀವೊಬ್ರೇ. ಓದಿ, ಮಡಚಿ, ಗೋಂದು ಹಚ್ಚಿದ್ರಿ."

ವೆಂಕಟಾಚಲಯ್ಯನವರಿಗೆ ಸಂಸಾರವಿತ್ತು, ನಿವೃತ್ತಿಗೆ ಎರಡು ವರ್ಷವಿತ್ತು, ಮಗಳ ಮದುವೆಯಿತ್ತು. ಅರ್ಧ ಉಳಿದ ಕಾಫಿಯ ಲೋಟವನ್ನು ಚಾಪೆಯ ಪಕ್ಕ ಇಟ್ಟು, ವಲ್ಲಿ ಕೊಡವಿ ಎದ್ದರು. ಹದಿನೇಳು ವರ್ಷದಲ್ಲಿ ಮೊದಲ ಸಲ, ಅವರು ಎದ್ದಾಗ ಮುನಿಯಕ್ಕ ಎದ್ದು ನಿಲ್ಲಲಿಲ್ಲ.